ಡ್ರೈವರ್ ಕ್ರ್ಯಾಶ್: ಫಾರ್ಮ್ಯಾಟ್ ಮಾಡುವ ಮೊದಲು ರ್‍ಯಾಮ್ ನೋಡಿ, ವೈರ್ ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹಳೆಯದನ್ನು ಬದಿಗಿಟ್ಟು ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸುವ ಮಾತು ಎಷ್ಟೋ ಮನೆಗಳಲ್ಲಿ ಬಂದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲೇ ಜೋಡಿಸುವವರೂ ಇದ್ದಾರೆ. ಹಾಗೆ ಕಟ್ಟಿದ ಯಂತ್ರಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದಿದೆ: ಗೇಮ್ ಆಡುವಾಗಲೋ ವಿಡಿಯೋ ಎಡಿಟ್ ಮಾಡುವಾಗಲೋ ಪರದೆ ಕಪ್ಪಾಗುತ್ತದೆ, ಡಿಸ್‌ಪ್ಲೇ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಸ್ಪಂದಿಸುತ್ತಿಲ್ಲ ಎನ್ನುತ್ತದೆ. ಆಮೇಲೆ ಎಲ್ಲರೂ ಹಿಡಿಯುವ ದಾರಿಯೂ ಒಂದೇ. ಡ್ರೈವರ್ ತೆಗೆದು ಮತ್ತೆ ಹಾಕುವುದು, ಆಗಲಿಲ್ಲವೆಂದರೆ ಫಾರ್ಮ್ಯಾಟ್ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಸರ್ವಿಸ್ ಸೆಂಟರಿಗೆ ಕಳಿಸುವುದು. ಎಷ್ಟೋ ಸಲ ಅಲ್ಲಿಂದ ‘ದೋಷವಿಲ್ಲ’ ಎಂಬ ಚೀಟಿಯ ಜೊತೆ ಅದೇ ಕಾರ್ಡ್ ವಾಪಸು ಬರುತ್ತದೆ. ದುಡ್ಡು ಕೂಡಿಸಿ ಯಂತ್ರ ಕೊಂಡವರು ಹೀಗೆ ತಿಂಗಳುಗಟ್ಟಲೆ ಒದ್ದಾಡುವುದನ್ನು ತಪ್ಪಿಸಬಹುದು. ಹುಡುಕುವ ಕ್ರಮ ಬದಲಾಗಬೇಕು, ಅಷ್ಟೇ.

ಮೊದಲು ಆ ಸಂದೇಶದ ಅರ್ಥ ತಿಳಿಯಬೇಕು. ವಿಸ್ಟಾ ಕಾಲದಿಂದಲೂ ವಿಂಡೋಸಿನಲ್ಲಿ ಟಿಡಿಆರ್ ಎಂಬ ಕಾವಲು ವ್ಯವಸ್ಥೆ ಇದೆ. ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ಕೆಲಸ 2 ಸೆಕೆಂಡಿನೊಳಗೆ ಮುಗಿಯದೆ, ಅದನ್ನು ನಡುವೆ ನಿಲ್ಲಿಸಲೂ ಆಗದಿದ್ದರೆ, ಕಾರ್ಡ್ ಸಿಕ್ಕಿಹಾಕಿಕೊಂಡಿದೆ ಎಂದು ಲೆಕ್ಕ ಹಾಕಿ ಅದನ್ನು ರೀಸೆಟ್ ಮಾಡುತ್ತದೆ. ಒಂದು ನಿಮಿಷದಲ್ಲಿ ಹೀಗೆ 5 ಸಲ ಮೀರಿತೆಂದರೆ ನೀಲಿ ಪರದೆ. ಕಾರ್ಡ್ ತಡ ಮಾಡಿತು ಎಂಬುದಷ್ಟೇ ಈ ವ್ಯವಸ್ಥೆಗೆ ಗೊತ್ತು. ತಡವಾದದ್ದು ರ್‍ಯಾಮ್ ತಪ್ಪು ಮಾಹಿತಿ ಕೊಟ್ಟಿದ್ದಕ್ಕೋ, ವಿದ್ಯುತ್ ಕುಸಿದಿದ್ದಕ್ಕೋ, ಪ್ರೊಸೆಸರ್ ಎಡವಿದ್ದಕ್ಕೋ ಎಂದು ಅದು ಹೇಳಲಾರದು. ಹೆಸರು ಬರುವುದು ಮಾತ್ರ ಡ್ರೈವರಿನದು.

ಆದ್ದರಿಂದ ಏನನ್ನೂ ಮುಟ್ಟುವ ಮೊದಲು, ಯಂತ್ರ ಯಾವ ಥರ ಕೈಕೊಡುತ್ತದೆ ಎಂದು ಗಮನಿಸಿ ಬರೆದಿಟ್ಟುಕೊಳ್ಳಿ. ವಿಂಡೋಸ್ ಕೀ ಒತ್ತಿ ‘ಇವೆಂಟ್ ವ್ಯೂವರ್’ ಎಂದು ಹುಡುಕಿ, ‘ವಿಂಡೋಸ್ ಲಾಗ್ಸ್’ ಒಳಗಿನ ‘ಸಿಸ್ಟಂ’ ತೆರೆಯಿರಿ. ಕ್ರ್ಯಾಶ್ ಆದ ನಿಮಿಷಕ್ಕೆ ಬಂದು ನಿಲ್ಲಿ. ಹಳದಿ ತ್ರಿಕೋನದ ಪಕ್ಕ ‘ಡಿಸ್‌ಪ್ಲೇ’ ಎಂದಿದ್ದು ಸಂಖ್ಯೆ 4101 ಇದ್ದರೆ, ಕಾರ್ಡ್ ರೀಸೆಟ್ ಆಗಿ ಚೇತರಿಸಿಕೊಂಡಿದೆ. ಕೆಂಪು ಗುರುತಿನ ‘ಕರ್ನಲ್-ಪವರ್’ 41 ಇದ್ದು, ಅದರ ‘ಡೀಟೇಲ್ಸ್’ನಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ಕಾರಣ ಹೇಳುವ ಸಂಖ್ಯೆ) ಸೊನ್ನೆಯಾಗಿದ್ದರೆ, ವಿಂಡೋಸಿಗೆ ನೀಲಿ ಪರದೆ ತೋರಿಸುವಷ್ಟು ಸಮಯವೂ ಸಿಕ್ಕಿಲ್ಲ; ಅನುಮಾನ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಕೊಡುವ ಪೆಟ್ಟಿಗೆ) ಕಡೆಗೆ ಹೋಗಬೇಕು. ‘ವೀಯಾ-ಲಾಗರ್’ ಎಂಬ ಹೆಸರಿನಲ್ಲಿ 17, 18, 19 ಸಂಖ್ಯೆಗಳಿದ್ದರೆ ಅದು ಹಾರ್ಡ್‌ವೇರ್ ತಾನೇ ಕೊಟ್ಟ ದೂರು. 17 ಹೆಚ್ಚಾಗಿ ಪಿಸಿಐ ಎಕ್ಸ್‌ಪ್ರೆಸ್ (ಗ್ರಾಫಿಕ್ಸ್ ಕಾರ್ಡಿನಂಥ ಭಾಗಗಳನ್ನು ಬೋರ್ಡಿಗೆ ಸೇರಿಸುವ) ಸಂಪರ್ಕದ್ದು, 18 ಮತ್ತು 19 ಹೆಚ್ಚಾಗಿ ಪ್ರೊಸೆಸರ್ ಕಡೆಯವು. ಪರದೆ ಕಪ್ಪಾಗಿ, ಕಾರ್ಡಿನ ಫ್ಯಾನ್‌ಗಳು ಒಮ್ಮೆಲೇ ಪೂರ್ತಿ ವೇಗದಲ್ಲಿ ಅಬ್ಬರಿಸಿ, ಹಾಡು ಮಾತ್ರ ಕೇಳುತ್ತಲೇ ಇದ್ದರೆ, ಕಾರ್ಡಿನ ಸಂಪರ್ಕ ಕಡಿದಿದೆ ಎಂದು ತಿಳಿಯಿರಿ. ವಿದ್ಯುತ್ ವೈರಿನಿಂದ ಹುಡುಕಾಟ ಶುರುವಾಗಬೇಕು.

ಉಳಿದ ಎಲ್ಲ ಕ್ರ್ಯಾಶ್‌ಗಳಿಗೆ ಮೊದಲ ಹೆಜ್ಜೆ ರ್‍ಯಾಮ್. ಡಬ್ಬದ ಮೇಲೆ 6000 ಎಂದು ಬರೆದಿರುವ ಡಿಡಿಆರ್5 ರ್‍ಯಾಮ್ ಹಾಕಿದ ಕೂಡಲೇ ಆ ವೇಗದಲ್ಲಿ ಓಡುವುದಿಲ್ಲ. ಸಾಮಾನ್ಯವಾಗಿ 4800 ಅಥವಾ 5600ರಲ್ಲಿ ಏಳುತ್ತದೆ. ಬಯಾಸಿನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗ ಏರಿಸುವ ಆಯ್ಕೆಯನ್ನು ಆನ್ ಮಾಡಿದಾಗಲೇ 6000 ಸಿಗುವುದು. ಇದು ನಿಗದಿತ ವೇಗಕ್ಕಿಂತ ಮೇಲೆ ಓಡಿಸುವುದೇ ಸರಿ. ಆ ರ್‍ಯಾಮ್, ಆ ಮದರ್‌ಬೋರ್ಡ್, ಆ ಪ್ರೊಸೆಸರಿನ ಒಳಗಿನ ಮೆಮೊರಿ ಕಂಟ್ರೋಲರ್ ಮೂರೂ ಒಪ್ಪಿದರೆ ಮಾತ್ರ ಅದು ನಿಲ್ಲುತ್ತದೆ. ಬ್ರೌಸರ್, ವರ್ಡ್ ಎಲ್ಲ ನೆಟ್ಟಗೆ ನಡೆಯುತ್ತವೆ; ಗೇಮ್ ಶುರುವಾಗಿ ಗಿಗಾಬೈಟ್‌ಗಟ್ಟಲೆ ಮಾಹಿತಿ ರ್‍ಯಾಮ್ ಮೂಲಕ ಕಾರ್ಡಿಗೆ ಹರಿಯುವಾಗ ಒಂದು ಬಿಟ್ ತಪ್ಪಿದರೂ ಸಾಕು, ಡ್ರೈವರ್ ಮುಗ್ಗರಿಸುತ್ತದೆ. ಬಯಾಸಿಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ಎರಡು ದಿನ ಓಡಿಸಿ ನೋಡಿ. ಖರ್ಚಿಲ್ಲದ ಪರೀಕ್ಷೆ. ಎಎಂಡಿಯ ಎಎಂ5 ಬೋರ್ಡ್‌ಗಳಲ್ಲಿ ಈ ಬದಲಾವಣೆಯ ನಂತರ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ರ್‍ಯಾಮನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ.

ಕ್ರ್ಯಾಶ್ ನಿಂತಿತೋ, ಕಾರಣ ಸಿಕ್ಕಂತೆ. ಬಯಾಸ್ ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡಿ ನೋಡಬಹುದು, ಇಲ್ಲವೇ 6000ದ ಬದಲು 5600ಕ್ಕೆ ಇಳಿಸಬಹುದು. ಎರಡು ರ್‍ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲೇ ಇರಬೇಕು. ನಾಲ್ಕು ಸ್ಲಾಟ್ ಇದೆಯೆಂದು ನಾಲ್ಕನ್ನೂ ತುಂಬುವವರು ಗಮನಿಸಬೇಕು: ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ರ್‍ಯಾಮಿಗೆ 5200, ನಾಲ್ಕಕ್ಕೆ ಬರೀ 3600. 32 ಜಿಬಿ ಬೇಕಿದ್ದರೆ 16ರ ಎರಡು ಕೊಳ್ಳಿ, 8ರ ನಾಲ್ಕು ಬೇಡ.

ಎಕ್ಸ್‌ಎಂಪಿ ಆಫ್ ಮಾಡಿದರೂ ಕ್ರ್ಯಾಶ್ ನಿಲ್ಲದಿದ್ದರೆ ಮೆಮ್‌ಟೆಸ್ಟ್86 ಎಂಬ ರ್‍ಯಾಮ್ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ, ನಾಲ್ಕು ಸುತ್ತು ಪೂರ್ತಿ ಓಡಿಸಿ. ಗಂಟೆಗಟ್ಟಲೆ ಹಿಡಿಯುವ ಕೆಲಸ, ರಾತ್ರಿ ಹಚ್ಚಿ ಮಲಗುವುದು ಒಳ್ಳೆಯದು. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಆ ರ್‍ಯಾಮ್ ಫೇಲ್. ‘ಒಂದೇ ತಾನೇ’ ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಒಂದೊಂದೇ ರ್‍ಯಾಮನ್ನು ಎರಡನೆಯ ಸ್ಲಾಟ್‌ನಲ್ಲಿಟ್ಟು ಓಡಿಸಿದರೆ ಯಾವುದು ಕೆಟ್ಟದ್ದೆಂದು ತಿಳಿಯುತ್ತದೆ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಗೇಮ್ ತೆರೆದು ಶೇಡರ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಮ್‌ಗಳು) ಸಿದ್ಧವಾಗುವ ಹೊತ್ತಿಗೆ ‘ಔಟ್ ಆಫ್ ವಿಡಿಯೋ ಮೆಮೊರಿ’ ಎಂದು ಬಂದು ಮುಚ್ಚಿಕೊಂಡರೆ, ಯಾರಿಗಾದರೂ ಗ್ರಾಫಿಕ್ಸ್ ಕಾರ್ಡಿನ ಮೇಲೇ ಅನುಮಾನ ಬರುತ್ತದೆ. ಆದರೆ ಈ ಪ್ರೊಸೆಸರ್‌ಗಳಲ್ಲಿ ಆ ದೂರಿನ ಹಿಂದೆ ಪ್ರೊಸೆಸರೇ ಇದ್ದದ್ದು ಬಹಳ. 2024ರಲ್ಲಿ ಎನ್‌ವಿಡಿಯಾ ಕೂಡ ಇಂಥವರನ್ನು ಇಂಟೆಲ್ ಕಡೆಗೇ ಕಳಿಸಿತು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಹೋಗಿ ಒಳಗಿನ ಸರ್ಕ್ಯೂಟ್ ಸವೆಯುತ್ತಿತ್ತು ಎಂಬುದು ಇಂಟೆಲ್ ಒಪ್ಪಿಕೊಂಡ ಕಾರಣ. ಅದನ್ನು ತಡೆಯಲು 2024ರ ಸೆಪ್ಟೆಂಬರಿನಲ್ಲಿ 12ಬಿ ಎಂಬ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ), 2025ರ ಮೇ ತಿಂಗಳಲ್ಲಿ 12ಎಫ್ ಬಂದವು; ಎರಡೂ ಬಯಾಸ್ ಅಪ್‌ಡೇಟ್ ಮೂಲಕ ಸಿಗುತ್ತವೆ. ಅಂಗಡಿಯಲ್ಲಿ ಬಹುಕಾಲ ಕೂತ ಮದರ್‌ಬೋರ್ಡಿನಲ್ಲಿ ಹಳೆಯ ಬಯಾಸ್ ಇರುತ್ತದೆ. ಈ ಪ್ರೊಸೆಸರ್ ಹಾಕಿ ಮೊದಲು ಮಾಡಬೇಕಾದ ಕೆಲಸವೇ ಅದನ್ನು ಅಪ್‌ಡೇಟ್ ಮಾಡುವುದು. ಈಗಾಗಲೇ ಸವೆದ ಚಿಪ್ಪನ್ನು ಅಪ್‌ಡೇಟ್ ಸರಿಮಾಡುವುದಿಲ್ಲ. ಬಯಾಸಿನಲ್ಲಿ ಪಿ-ಕೋರ್ ಗುಣಕವನ್ನು (ಪ್ರೊಸೆಸರಿನ ಮುಖ್ಯ ಕೋರ್‌ಗಳ ವೇಗ ನಿರ್ಧರಿಸುವ ಸಂಖ್ಯೆ), 55 ಇದ್ದರೆ 53ಕ್ಕೆ, ಇಳಿಸಿದಾಗ ಕ್ರ್ಯಾಶ್ ನಿಂತರೆ ಪ್ರೊಸೆಸರ್ ಬದಲಿಸಿಕೊಳ್ಳಲು ಕೇಳಬೇಕು. ಇಂಟೆಲ್ ಈ ಸಮಸ್ಯೆಯ ಚಿಪ್‌ಗಳಿಗೆ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದೆ. ಡಬ್ಬದಲ್ಲಿ ಬಂದ ಪ್ರೊಸೆಸರಿಗೆ ಒಟ್ಟು ಐದು ವರ್ಷವಾಗುತ್ತದೆ.

ಬಯಾಸ್ ಅಪ್‌ಡೇಟ್ ಮಾಡುವ ಮೊದಲು ವಿಂಡೋಸ್ 11ರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಎಲ್ಲಿದೆ ಎಂದು ನೋಡಿಕೊಳ್ಳಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಪ್‌ಡೇಟ್ ಆದ ಮೇಲೆ ಆ 48 ಅಂಕಿ ಕೇಳಿ ನಿಂತುಬಿಡಬಹುದು.

ಇನ್ನು ವಿದ್ಯುತ್ ವಿಷಯ. ಗ್ರಾಫಿಕ್ಸ್ ಕಾರ್ಡಿಗೆ ಸ್ಲಾಟ್‌ನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್, 6 ಪಿನ್ನಿನ ವೈರಿನಿಂದ 75, 8 ಪಿನ್ನಿನದರಿಂದ 150. ಕಾರ್ಡಿನಲ್ಲಿ ಎರಡು 8 ಪಿನ್ ಇದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ವೈರ್ ಎಳೆಯಬೇಕು. ಒಂದೇ ವೈರಿನ ತುದಿಯಲ್ಲಿ ಜೋಡಿಯಾಗಿ ನೇತಾಡುವ ಎರಡು ಕನೆಕ್ಟರ್ ಚುಚ್ಚಿ ಕೆಲಸ ಮುಗಿಸುವುದು ರೂಢಿಯಾಗಿದೆ; ಆಗ ಭಾರವೆಲ್ಲ ಒಂದೇ ವೈರಿನ ಮೇಲೆ ಬಿದ್ದು, ಕಾರ್ಡ್ ದುಡಿಯುವಾಗ ವೋಲ್ಟೇಜ್ ಕುಸಿಯುತ್ತದೆ. ಹೊಸ ಕಾರ್ಡ್‌ಗಳ 16 ಪಿನ್ ಕನೆಕ್ಟರ್‌ಗೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಚುಚ್ಚಿದ ಮೇಲೆ ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ನೋಡಿ. ಪ್ಲಗ್ಗಿಗೂ ಕಾರ್ಡಿನ ಸಾಕೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಅದು ಪೂರ್ತಿ ಕೂತಿಲ್ಲ. ಅರ್ಧ ಕೂತ ಪಿನ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಿದ ಪ್ರಕರಣಗಳು 2022ರಲ್ಲಿ ಆರ್‌ಟಿಎಕ್ಸ್ 4090 ಬಂದ ಹೊಸತರಲ್ಲೇ ಸುದ್ದಿಯಾದವು. ಕ್ಯಾಬಿನೆಟ್ಟಿನ ಗಾಜು ಮುಚ್ಚಲೆಂದು ವೈರನ್ನು ಕನೆಕ್ಟರಿನ ಬುಡದಲ್ಲೇ ಮಡಚಬಾರದು; ಮೂರೂವರೆ ಸೆಂಟಿಮೀಟರ್ ನೇರವಾಗಿ ಬಂದ ಮೇಲೆ ಬಾಗಿಸಿ. ಒಂದು ಕಂಪನಿಯ ಎಸ್‌ಎಂಪಿಎಸ್‌ಗೆ ಇನ್ನೊಂದರ ಮಾಡ್ಯುಲರ್ (ಕಳಚಿ ಹಾಕಬಹುದಾದ) ವೈರ್ ಯಾವ ಕಾರಣಕ್ಕೂ ಹಾಕಬೇಡಿ. ಹೊರಗಿನಿಂದ ಒಂದೇ ಥರ ಕಂಡರೂ ಎಸ್‌ಎಂಪಿಎಸ್ ತುದಿಯ ಪಿನ್ ಜೋಡಣೆ ಬೇರೆ ಇರುತ್ತದೆ, ಕಾರ್ಡೂ ಬೋರ್ಡೂ ಸುಟ್ಟುಹೋಗಬಹುದು.

ವ್ಯಾಟ್ ಲೆಕ್ಕವನ್ನು ಸರಾಸರಿಯಲ್ಲಿ ಹಾಕಿದರೆ ಸಾಲದು. 200 ವ್ಯಾಟಿನ ಆರ್‌ಟಿಎಕ್ಸ್ 4070ಗೆ ಎನ್‌ವಿಡಿಯಾ 650 ವ್ಯಾಟಿನ ಎಸ್‌ಎಂಪಿಎಸ್ ಹೇಳುವುದು ಸುಮ್ಮನೆ ಅಲ್ಲ. ಕಾರ್ಡ್‌ಗಳು ಮೈಕ್ರೋಸೆಕೆಂಡುಗಳ ಮಟ್ಟಿಗೆ ತಮ್ಮ ಅಂಕಿಗಿಂತ ಬಹಳ ಮೇಲೆ ಜಿಗಿಯುತ್ತವೆ. ಅದನ್ನು ತಾಳಲೆಂದೇ 2022ರ ಎಟಿಎಕ್ಸ್ 3.0 ಮಾನದಂಡ ಬಂತು. ಹೊಸ ಕಾರ್ಡಿಗೆ ಎಟಿಎಕ್ಸ್ 3.0 ಅಥವಾ 3.1 ಎಂದಿರುವ ಎಸ್‌ಎಂಪಿಎಸ್ ಕೊಳ್ಳಿ. ಕ್ಯಾಬಿನೆಟ್ ಜೊತೆ ಬಂದದ್ದನ್ನು ನಂಬಬೇಡಿ.

ನಮ್ಮ ಮನೆಗಳಲ್ಲಿ ಯುಪಿಎಸ್ ಕೂಡ ಈ ಪಟ್ಟಿಗೆ ಸೇರುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. 250 ವ್ಯಾಟಿನ ಕಾರ್ಡ್, 100 ದಾಟುವ ಪ್ರೊಸೆಸರ್, ಮೇಲೆ ಮಾನಿಟರ್ ಸೇರಿದರೆ ಅದು ತಾಳುವುದಿಲ್ಲ. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾದಾಗ ಅಗ್ಗದ ಯುಪಿಎಸ್‌ನಿಂದ ಬರುವ ಮೆಟ್ಟಿಲಿನಾಕಾರದ ವಿದ್ಯುತ್ ಅಲೆಯನ್ನು ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗಳು ಒಪ್ಪದೆ ಆಫ್ ಆಗುತ್ತವೆ. ಎರಡು ದಿನ ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿನಿಂದ, ಒಳ್ಳೆಯ ಸ್ಪೈಕ್ ಗಾರ್ಡ್ ಮೂಲಕ ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅರ್ಥಿಂಗ್ ಇಲ್ಲ, ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಇಷ್ಟಾದ ಮೇಲೆ ಡ್ರೈವರಿನ ಸರದಿ. ಡ್ರೈವರೇ ತಪ್ಪಿತಸ್ಥ ಆಗುವುದೂ ಉಂಟು. 2025ರ ಆರಂಭದಲ್ಲಿ ಆರ್‌ಟಿಎಕ್ಸ್ 50 ಸರಣಿಯ ಜೊತೆ ಬಂದ 572 ಸಾಲಿನ ಡ್ರೈವರ್‌ಗಳಿಂದ ಪರದೆ ಕಪ್ಪಾಗುತ್ತಿತ್ತು, ಏಪ್ರಿಲ್‌ನ 576.02ರಲ್ಲಿ ಅಂಥ ಎಷ್ಟೋ ದೋಷಗಳನ್ನು ತಿದ್ದಿದರು. ಬೇಕಾದ ಡ್ರೈವರನ್ನು ಕಂಪನಿಯ ತಾಣದಿಂದ ಮೊದಲೇ ಇಳಿಸಿಕೊಳ್ಳಿ. ಇಂಟರ್‌ನೆಟ್ ಕಡಿಯಿರಿ, ಇಲ್ಲದಿದ್ದರೆ ನೀವು ತೆಗೆದ ಕ್ಷಣವೇ ವಿಂಡೋಸ್ ಅಪ್‌ಡೇಟ್ ತನ್ನ ಹಳೆಯ ಡ್ರೈವರ್ ಹಾಕಿಬಿಡುತ್ತದೆ. ರೇಡಿಯಾನ್ ಕಾರ್ಡ್ ಇರುವವರಿಗೆ ಈ ಕಾಟ ಹೆಚ್ಚು. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸೇಫ್ ಮೋಡಿಗೆ ಹೋಗಿ, ಡಿಡಿಯು ಎಂಬ ಉಚಿತ ತಂತ್ರಾಂಶದಿಂದ ಹಳೆಯದನ್ನು ಬೇರುಸಹಿತ ತೆಗೆದು, ಮಾಮೂಲು ಮೋಡಿನಲ್ಲಿ ಹೊಸದನ್ನು ಹಾಕಿ. ಮದರ್‌ಬೋರ್ಡಿನ ಚಿಪ್‌ಸೆಟ್ ಡ್ರೈವರ್ ಮರೆಯಬೇಡಿ.

ಟಿಡಿಆರ್ ಗಡುವನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸಿನ ಒಳ ಸೆಟ್ಟಿಂಗ್‌ಗಳ ಕಡತ) 2ರಿಂದ 10 ಸೆಕೆಂಡಿಗೆ ಏರಿಸುವ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಕಾರ್ಡಿನ ಮೇಲೆ ದೀರ್ಘ ಲೆಕ್ಕಾಚಾರ ನಡೆಸುವ ತ್ರೀಡಿ ಕೆಲಸದವರಿಗೆ ಅದು ಬೇಕಾಗಬಹುದು. ಗೇಮ್‌ನಲ್ಲಿ ಕ್ರ್ಯಾಶ್ ಆಗುವ ಯಂತ್ರಕ್ಕೆ ಇದರಿಂದ ಸಿಗುವುದು ಎಂಟು ಸೆಕೆಂಡು ಹೆಚ್ಚು ಹೆಪ್ಪುಗಟ್ಟಿದ ಪರದೆ ಮಾತ್ರ.

ಕಾರ್ಡಿನ ಮೇಲೆ ಅನುಮಾನ ಪಡುವುದು ಕೊನೆಗೆ. ಕಾರ್ಡನ್ನು ಲಂಬವಾಗಿ ನಿಲ್ಲಿಸಲು ಸ್ಲಾಟ್‌ಗೂ ಕಾರ್ಡಿಗೂ ನಡುವೆ ರೈಸರ್ ವೈರ್ ಹಾಕಿದ್ದರೆ ತೆಗೆದು ನೇರ ಸ್ಲಾಟ್‌ಗೆ ಕೂರಿಸಿ, ಅಥವಾ ಬಯಾಸಿನಲ್ಲಿ ಸ್ಲಾಟನ್ನು ಪಿಸಿಐ ಎಕ್ಸ್‌ಪ್ರೆಸ್ ಜೆನ್ 3ರ (ಮೂರನೇ ತಲೆಮಾರಿನ) ವೇಗಕ್ಕೆ ಇಳಿಸಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಹೆಲ್ಪ್ ಮೆನುವಿನಲ್ಲಿ ‘ಡಿಬಗ್ ಮೋಡ್’ ಇದೆ; ಅದು ಕಾರ್ಖಾನೆಯಲ್ಲೇ ಏರಿಸಿದ ವೇಗವನ್ನು ಮೂಲ ಮಟ್ಟಕ್ಕೆ ತರುತ್ತದೆ. ಅದರಲ್ಲಿ ಕ್ರ್ಯಾಶ್ ನಿಂತರೆ, ಅಥವಾ ಅದೇ ಕಾರ್ಡ್ ಇನ್ನೊಂದು ಯಂತ್ರದಲ್ಲೂ ಹಾಗೆಯೇ ಬಿದ್ದರೆ, ಕಾರ್ಡಿನದೇ ದೋಷ. ಆಗ ಇವೆಂಟ್ ವ್ಯೂವರ್‌ನ ಫೋಟೋ, ಮೆಮ್‌ಟೆಸ್ಟ್ ಫಲಿತಾಂಶ ಜೊತೆಗಿಟ್ಟು ಕಳಿಸಿದರೆ ‘ದೋಷವಿಲ್ಲ’ ಎಂದು ವಾಪಸು ಮಾಡುವುದು ಅವರಿಗೂ ಸುಲಭವಲ್ಲ.

ಅಸೆಂಬಲ್ ಮಾಡಿಕೊಡುವ ಅಂಗಡಿಗಳವರಲ್ಲಿ ಒಂದು ಕೋರಿಕೆ. ಒಂದು ರಾತ್ರಿ ಮೆಮ್‌ಟೆಸ್ಟ್, ಒಂದು ಗಂಟೆ ಪೂರ್ಣ ಭಾರದಲ್ಲಿ ಓಸಿಸಿಟಿಯಂಥ ಪರೀಕ್ಷೆ ಮಾಡಿ, ಬಯಾಸ್ ಆವೃತ್ತಿ, ರ್‍ಯಾಮ್ ಓಡುತ್ತಿರುವ ವೇಗ, ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆದ ಹಾಳೆಯನ್ನು ಬಿಲ್ಲಿನ ಜೊತೆ ಕೊಡಿ. ಗ್ರಾಹಕರೂ ಅದನ್ನು ಕೇಳಿ ಪಡೆಯಬೇಕು. ದೋಷವಿರುವ ಭಾಗವನ್ನು ಬದಲಿಸಿಕೊಡಲು ಯಾರಾದರೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ಮೊದಲು ಕೇಳುವುದೇ ಬಿಲ್ಲು. ಅದರ ಜೊತೆ ಆ ಹಾಳೆಯೂ ಇದ್ದರೆ ಯಂತ್ರ ಯಾವ ಸ್ಥಿತಿಯಲ್ಲಿ ಕೈಸೇರಿತು ಎಂಬುದಕ್ಕೆ ದಾಖಲೆ ಇರುತ್ತದೆ.

— ಕಂಪ್ಯೂಟರ್ ಜೋಡಣೆ, ದುರಸ್ತಿ ಬಲ್ಲ ಓದುಗ, ಬೆಂಗಳೂರು