ವರ್ತುಲ ಆರ್‌ಎನ್‌ಎ ಹುಟ್ಟುವ ಬಗೆ: ಮಾಧವಿಗೆ ಒಂದು ಪತ್ರ

ಚಿ. ಮಾಧವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಪಿಎಚ್‌ಡಿಗೆ ಮನುಷ್ಯ ಜೀವಕೋಶಗಳ ವರ್ತುಲ ಆರ್‌ಎನ್‌ಎಯನ್ನು, ಅಂದರೆ ತುದಿಗಳೆರಡೂ ಬೆಸೆದು ಉಂಗುರವಾದ ಆರ್‌ಎನ್‌ಎಯನ್ನು, ಆರಿಸಿಕೊಂಡಿರುವೆ ಎಂದು ತಿಳಿದು ಸಂತೋಷವಾಯಿತು. ಆದರೆ ಅದು ಯಾವ ಮೈಕ್ರೋಆರ್‌ಎನ್‌ಎಯನ್ನು (ಜೀನುಗಳ ಕೆಲಸವನ್ನು ತಗ್ಗಿಸುವ ಪುಟ್ಟ ಆರ್‌ಎನ್‌ಎಯನ್ನು) ಹಿಡಿದಿಡುತ್ತದೆ ಎಂಬ ಪ್ರಶ್ನೆಯಿಂದಲೇ ತೊಡಗುವೆ ಎಂದು ಬರೆದಿರುವುದು ನನಗೆ ಸರಿಕಾಣಲಿಲ್ಲ. ಸಿಡಿಆರ್1ಎಎಸ್ ಎಂಬ ವರ್ತುಲದಲ್ಲಿ ಮಿಆರ್-7 ಎಂಬ ಮೈಕ್ರೋಆರ್‌ಎನ್‌ಎ ಕೂರಬಲ್ಲ 70ಕ್ಕೂ ಹೆಚ್ಚು ತಾಣಗಳಿವೆ ಎಂದು 2013ರಲ್ಲಿ ತಿಳಿದಂದಿನಿಂದ ಅನೇಕರು ಆ ದಾರಿಯನ್ನೇ ಹಿಡಿದಿದ್ದಾರೆ. ಬಹುಪಾಲು ವರ್ತುಲಗಳಲ್ಲಿ ಅಂಥ ದಟ್ಟಣೆ ಇಲ್ಲ. ಮೊದಲು ಅದರ ಹುಟ್ಟನ್ನು ಅರಿತುಕೋ.

ಜೀನಿನಿಂದ ನಕಲಾದ ಆರ್‌ಎನ್‌ಎಯಲ್ಲಿ ಉಳಿಯುವ ತುಂಡುಗಳು ಎಕ್ಸಾನ್‌ಗಳು, ನಡುವೆ ಕತ್ತರಿಸಿ ತೆಗೆಯುವ ತುಂಡುಗಳು ಇಂಟ್ರಾನ್‌ಗಳು, ಹೀಗೆ ಕತ್ತರಿಸಿ ಬೆಸೆಯುವುದೇ ಸ್ಪ್ಲೈಸಿಂಗ್. ಸಾಮಾನ್ಯ ಸ್ಪ್ಲೈಸಿಂಗ್‌ನಲ್ಲಿ ಒಂದು ಎಕ್ಸಾನಿನ ಕೊನೆ ಮುಂದಿನ ಎಕ್ಸಾನಿನ ಆರಂಭಕ್ಕೆ ಸೇರುತ್ತದೆ. ಬ್ಯಾಕ್‌ಸ್ಪ್ಲೈಸಿಂಗ್‌ನಲ್ಲಿ ಸ್ಪ್ಲೈಸಿಂಗ್ ಮಾಡುವ ಅದೇ ಯಂತ್ರ, ಅಂದರೆ ಸ್ಪ್ಲೈಸಿಯೋಸೋಮ್, ಅದೇ ಸ್ಪ್ಲೈಸ್ ತಾಣಗಳನ್ನೇ ಬಳಸಿ, ಎಕ್ಸಾನಿನ ಕೊನೆಯನ್ನು ಹಿಂದಿನ ಎಕ್ಸಾನೊಂದರ ಆರಂಭಕ್ಕೆ, ಕೆಲವೊಮ್ಮೆ ತನ್ನದೇ ಆರಂಭಕ್ಕೆ, ಬೆಸೆಯುತ್ತದೆ. ಯಂತ್ರ ಹೊಸದಲ್ಲ, ದೂರದ ಆ ಎರಡು ತಾಣಗಳು ಹತ್ತಿರವಾಗುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ಉತ್ತರ ಹೆಚ್ಚಾಗಿ ಇಕ್ಕೆಲದ ಇಂಟ್ರಾನ್‌ಗಳಲ್ಲಿದೆ. ಸುಮಾರು 300 ಅಕ್ಷರಗಳ ಆಲು ಎಂಬ ಪುನರಾವರ್ತಿತ ತುಣುಕು ನಮ್ಮ ಜೀನೋಮಿನಲ್ಲಿ 10 ಲಕ್ಷಕ್ಕೂ ಹೆಚ್ಚು ಬಾರಿ ಬರುತ್ತದೆ. ಎಕ್ಸಾನಿನ ಹಿಂದಿನ ಮತ್ತು ಮುಂದಿನ ಇಂಟ್ರಾನ್‌ಗಳಲ್ಲಿ ಇಂಥ ಎರಡು ತುಣುಕುಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿದ್ದರೆ ಅವು ಜೋಡಿಯಾಗಿ ನಡುವಿನ ಎಕ್ಸಾನನ್ನು ಬಳುಕಿಸಿ, ಅದರ ಎರಡು ತುದಿಗಳನ್ನು ಎದುರುಬದುರು ತರುತ್ತವೆ. 1099 ಅಕ್ಷರಗಳ ಎಚ್‌ಐಪಿಕೆ3 ವರ್ತುಲ, ಆ ಜೀನಿನ ಎರಡನೆಯ ಎಕ್ಸಾನ್ ಒಂದರಿಂದಲೇ ಆದದ್ದು, ಇದಕ್ಕೆ ಒಳ್ಳೆಯ ನಿದರ್ಶನ. ಆದರೆ ಒಂದೇ ಇಂಟ್ರಾನಿನೊಳಗಿನ ಆಲುಗಳು ತಮ್ಮತಮ್ಮಲ್ಲೇ ಜೋಡಿಯಾದರೆ ನೇರ ಆರ್‌ಎನ್‌ಎಯೇ ಗೆಲ್ಲುತ್ತದೆ. ಈ ಪೈಪೋಟಿಯನ್ನು ಮರೆತು ಕೇವಲ ಆಲು ಇದೆಯೇ ಎಂದು ನೋಡಿದರೆ ಪ್ರಯೋಜನವಿಲ್ಲ.

ಪ್ರೋಟೀನುಗಳಿಗೂ ಇಲ್ಲಿ ಪಾಲಿದೆ. ಕ್ವೇಕಿಂಗ್ ಎಂಬುದು ಎರಡೂ ಇಂಟ್ರಾನ್‌ಗಳಿಗೆ ಅಂಟಿಕೊಂಡು ವರ್ತುಲವನ್ನು ಹೆಚ್ಚಿಸುತ್ತದೆ ಎಂದು 2015ರಲ್ಲಿ ಮನುಷ್ಯ ಕೋಶಗಳಲ್ಲೇ ತೋರಿಸಲಾಯಿತು. ಅದಕ್ಕೆ ವ್ಯತಿರಿಕ್ತವಾಗಿ ಅಡಾರ್1 ಎಂಬ ಪ್ರೋಟೀನು ಜೋಡಿಯಾದ ಆಲುಗಳಲ್ಲಿನ ಅಡಿನೋಸಿನ್ ಎಂಬ ಅಕ್ಷರವನ್ನು ಇನೋಸಿನ್ ಮಾಡಿ ಹಿಡಿತವನ್ನು ಸಡಿಲಿಸುತ್ತದೆ. ಡಿಎಚ್‌ಎಕ್ಸ್9 ಎಂಬ ಇನ್ನೊಂದು ಪ್ರೋಟೀನು ಆ ಜೋಡಿಯನ್ನೇ ಬಿಚ್ಚುತ್ತದೆ. ನೇರ ಆರ್‌ಎನ್‌ಎಯಿಂದ ಎಕ್ಸಾನ್ ಬಿಟ್ಟುಹೋಗಿ, ಕತ್ತರಿಸಿ ತೆಗೆದ ಇಂಟ್ರಾನಿನ ಕುಣಿಕೆಯೊಳಗೆ ಉಳಿದು, ಅಲ್ಲೇ ಮತ್ತೆ ಸ್ಪ್ಲೈಸ್ ಆಗಿ ವರ್ತುಲವಾಗುವ ಇನ್ನೊಂದು ದಾರಿಯೂ ಉಂಟು.

ಇನ್ನು ಎಚ್ಚರಿಕೆಯ ಮಾತು. ಹೀಲಾ ಎಂಬ ಮನುಷ್ಯ ಕೋಶಗಳಲ್ಲಿ ವರ್ತುಲಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ 1979ರಲ್ಲೇ ಕಂಡಿದ್ದವು. ಆದರೂ ಪಾಲಿ-ಎ ಬಾಲವಿರುವ (ಕೊನೆಯಲ್ಲಿ ‘ಎ’ ಅಕ್ಷರಗಳ ಸಾಲಿರುವ) ಆರ್‌ಎನ್‌ಎಯನ್ನಷ್ಟೇ ಹೆಕ್ಕುವ ನಮ್ಮ ರೂಢಿ, ಬಾಲವಿಲ್ಲದ ಇವುಗಳನ್ನು ದಶಕಗಳ ಕಾಲ ಕಸದೊಂದಿಗೆ ಚೆಲ್ಲಿಸಿತು. ಈಗ ಅಪಾಯ ಇನ್ನೊಂದು ಬದಿಯದು. ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಅಚ್ಚು ಬದಲಿಸಿ ಜಿಗಿದರೂ, ಎರಡು ಬೇರೆ ಆರ್‌ಎನ್‌ಎಗಳು ಬೆಸೆದುಕೊಂಡರೂ, ಅನುಕ್ರಮದಲ್ಲಿ ಬ್ಯಾಕ್‌ಸ್ಪ್ಲೈಸಿಂಗ್‌ನದರಂಥದೇ ಸಂಧಿ ಕಾಣುತ್ತದೆ. ಆದ್ದರಿಂದ ನೇರ ಆರ್‌ಎನ್‌ಎಯನ್ನು ತುದಿಯಿಂದ ಕಡಿಯುವ ಆರ್‌ಎನೇಸ್ ಆರ್ ಕಿಣ್ವಕ್ಕೆ ನಿನ್ನ ವರ್ತುಲ ತಡೆದು ನಿಲ್ಲುವುದೇ ಎಂದು ನೋಡು, ಆರ್‌ಎನ್‌ಎಯನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ನಾರ್ದರ್ನ್ ಬ್ಲಾಟ್ ಹಳೆಯದೆಂದು ಬಿಡಬೇಡ.

ಅಷ್ಟಾದ ಮೇಲೆ ನಿನ್ನ ವರ್ತುಲದ ಒಂದು ಬದಿಯ ಆಲುವನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ತೆಗೆದು ಪರೀಕ್ಷಿಸು. ವರ್ತುಲ ಮಾತ್ರ ಇಳಿದು, ಅದೇ ಜೀನಿನ ನೇರ ಎಂಆರ್‌ಎನ್‌ಎ (ಪ್ರೋಟೀನಿನ ಸಂದೇಶ ಹೊತ್ತ ಆರ್‌ಎನ್‌ಎ) ಹಾಗೆಯೇ ಉಳಿದ ಕೋಶಗಳು ದೊರೆತರೆ, ಮೈಕ್ರೋಆರ್‌ಎನ್‌ಎಯ ಪ್ರಶ್ನೆಯನ್ನು ಆ ಕೋಶಗಳಲ್ಲೇ ಕೇಳು.

ನಿನ್ನ ದೊಡ್ಡಪ್ಪ