ಮಳೆ ಹಿಡಿಯುವ ಮೊದಲು ಜಮಾಬಂದಿ ಸ್ಕ್ಯಾನ್ ಆಗಲಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪೌತಿ ಖಾತೆ, ಪಾಲುಪಟ್ಟಿ, ಬ್ಯಾಂಕ್ ಸಾಲ ಎಲ್ಲಕ್ಕೂ ಅದೇ ಹಳೆಯ ಜಮಾಬಂದಿ ಪುಸ್ತಕಗಳೇ, ಅಂದರೆ ಭೂಕಂದಾಯದ ದಾಖಲೆ ಪುಸ್ತಕಗಳೇ ಬೇಕು. ಮೊದಲು ಯಾವುದನ್ನು ಸ್ಕ್ಯಾನ್ ಮಾಡಬೇಕೆಂದು ತಿಳಿಯಲು, ಯಾರು ಯಾವ ಪುಸ್ತಕ ಕೇಳಿದರೆಂದು ಮೂರು ತಿಂಗಳು ಬರೆದಿಟ್ಟರೆ ಸಾಕು. ಒಂದೇ ಪುಸ್ತಕ ವಾರಕ್ಕೆ ಎರಡು ಮೂರು ಸಲ ಕಪಾಟಿನಿಂದ ಇಳಿಯುತ್ತಿದ್ದರೆ, ಹಾಳೆ ತಿರುವುವ ಕೆಳಮೂಲೆ ಕಪ್ಪಾಗಿ ಪುಡಿ ಉದುರುತ್ತಿದ್ದರೆ, ಇನ್ನು ಕಾಯುವಂತಿಲ್ಲ. ವರ್ಷಕ್ಕೊಮ್ಮೆ ಕೇಳುವ ಕಡತ ಆಮೇಲೆ ಆಗಲಿ.

ಕೆಲಸ ಜನವರಿಯಿಂದ ಮೇ ಒಳಗೆ ಮುಗಿಯಬೇಕು. ಜೂನ್ ಮಳೆಗೆ ಕಾಗದ ತೇವ ಎಳೆದು ಸೊಟ್ಟಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಹಾಳೆ ಎಳೆದುಕೊಳ್ಳುವ ಯಂತ್ರ ಬೇಡವೇ ಬೇಡ, ಹರಿದೇ ಹೋಗುತ್ತದೆ. ಮೇಲಿನಿಂದ ಚಿತ್ರ ತೆಗೆಯುವ ಸ್ಕ್ಯಾನರ್, 300 ಡಿಪಿಐ, ಬಣ್ಣದಲ್ಲೇ. ಕಪ್ಪು-ಬಿಳುಪಾದರೆ ಕೆಂಪು ಶಾಯಿಯ ತಿದ್ದುಪಡಿ ಮೂಲ ಬರಹದೊಂದಿಗೆ ಬೆರೆತುಬಿಡುತ್ತದೆ.

ಸರ್ವೆ ನಂಬರಿನ ಸೂಚಿಯೊಂದೇ ಸಾಲದು. ಗ್ರಾಮ, ಪಟ್ಟೇದಾರ (ಕುಟುಂಬದ ಪರವಾಗಿ ಜಮೀನು ಯಾರ ಹೆಸರಲ್ಲಿದೆಯೋ ಅವರು), ಒಕ್ಕದ (ಕೊಡವ ಮನೆತನದ) ಹೆಸರಿನಿಂದಲೂ ಹುಡುಕುವಂತಿರಬೇಕು. ಪುಟ ಎಣಿಸಿ, ಮೂಲದೊಂದಿಗೆ ತಾಳೆ ನೋಡಿದ ಮೇಲೆಯೇ ಪುಸ್ತಕ ಕಪಾಟು ಸೇರಲಿ. 2018ರ ಭೂಕುಸಿತ ಕಂಡ ಜಿಲ್ಲೆ ನಮ್ಮದು. ಇನ್ನೊಂದು ಪ್ರತಿ ಜಿಲ್ಲೆಯ ಹೊರಗಿರಲಿ.

– ಓದುಗರು, ಮಡಿಕೇರಿ