ಬಿಯೋವುಲ್ಫ್ ಓದಲು ಹೊರಟ ಸೊಸೆಗೆ

ಚಿ. ಅನಘಳಿಗೆ ಸೋದರತ್ತೆಯ ಆಶೀರ್ವಾದಗಳು.

‘ವೀರಾದರ್ಶಗಳು’ ಒಂದು ಪ್ರಶ್ನೆ, ‘ಕಾವ್ಯತಂತ್ರಗಳು’ ಇನ್ನೊಂದು ಪ್ರಶ್ನೆ, ಎರಡಕ್ಕೂ ಬೇರೆ ಬೇರೆ ನೋಟ್ಸ್ ಮಾಡಿಕೊಳ್ಳುತ್ತಿದ್ದೇನೆ ಅಂತ ಬರೆದಿದ್ದೀಯ. ಹಾಗೆ ಮಾಡಬೇಡ ಕಂದಾ. ಬಿಯೋವುಲ್ಫ್‌ನಲ್ಲಿ ಅವೆರಡೂ ಒಂದೇ ಸಾಲಿನೊಳಗೆ ಕೂತಿರುತ್ತವೆ. ಈ ಹಳೆಯ ಇಂಗ್ಲಿಷ್ ವೀರಕಾವ್ಯದ 3,182 ಸಾಲನ್ನು ಒಂದೇ ಉಸಿರಿಗೆ ಮುಗಿಸುವ ಹಟವೂ ಬೇಡ. ಡೇನರ ಮೂಲಪುರುಷ ಶೀಲ್ಡ್‌ನ ಏಳಿಗೆ ಮತ್ತು ಅಂತ್ಯಕ್ರಿಯೆಯನ್ನು ಹೇಳುವ ಮೊದಲ 52 ಸಾಲುಗಳ ಪೀಠಿಕೆಯನ್ನು ತೆಗೆದುಕೋ. ಮೂಲವನ್ನೂ ಒಂದು ಗದ್ಯಾನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಾಯಿಬಿಟ್ಟು ಓದು. ಕಣ್ಣಲ್ಲೇ ಓದಿದರೆ ಈ ಛಂದಸ್ಸು ಸಿಕ್ಕುವುದಿಲ್ಲ.

ಒಂದು ಸಾಲಿಗೆ ಎರಡು ಅರ್ಧ, ನಡುವೆ ಯತಿ. ಒಂದೊಂದು ಅರ್ಧದಲ್ಲಿ ಎರಡೆರಡು ಒತ್ತು (ಉಚ್ಚರಿಸುವಾಗ ಬಲ ಬೀಳುವ ಜಾಗ, ನಮ್ಮ ಒತ್ತಕ್ಷರವಲ್ಲ), ಒಟ್ಟು ನಾಲ್ಕು. ಮಾತ್ರೆ, ಗಣ ಎಣಿಸಲು ಹೋಗಬೇಡ, ಅಕ್ಷರಗಳ ಸಂಖ್ಯೆ ಸಾಲಿನಿಂದ ಸಾಲಿಗೆ ಬದಲಾಗುತ್ತದೆ. ಪೆನ್ಸಿಲ್ ಹಿಡಿದು ಮೊದಲು ಮೂರನೆಯ ಒತ್ತನ್ನು ಗುರುತಿಸು. ಆ ಒತ್ತಿನ ಮೊದಲ ಧ್ವನಿಗೆ ಹಿಂದಿನ ಅರ್ಧದ ಒಂದೋ ಎರಡೋ ಒತ್ತು ಹೊಂದಬೇಕು. ನಾಲ್ಕನೆಯದು ಹೊಂದಬಾರದು. 4 ಮತ್ತು 5ನೆಯ ಸಾಲು ನೋಡು (‘ಶ್ಯುಲ್ಡ್’ ಎಂದರೆ ನಮ್ಮ ಶೀಲ್ಡೇ):

ಓಫ್ಟ್ ಶ್ಯುಲ್ಡ್ ಶೇಫಿಂಗ್ / ಶೆಯಥೆನ ಥ್ರೆಯಾತುಮ್
ಮೊನೆಗುಮ್ ಮ್ಯಾಯ್ಥುಮ್ / ಮೆಯೊದೊಸೆತ್ಲ ಓಫ್ತೆಯಾಹ್

ಮೊದಲ ಸಾಲಿನಲ್ಲಿ ಮೂರು ಶಕಾರ, ಮುಂದಿನದರಲ್ಲಿ ಮೂರು ಮಕಾರ. ಎರಡರಲ್ಲೂ ಕೊನೆಯ ಒತ್ತು ಹೊರಗೇ ಉಳಿಯಿತು. ಕನ್ನಡ ಓದಿ ಬೆಳೆದ ನಮ್ಮ ಕಿವಿ ಎರಡನೆಯ ಅಕ್ಷರದ ಆದಿಪ್ರಾಸವನ್ನು ಹುಡುಕುತ್ತದೆ, ಅಲ್ಲೇ ಎಡವುವುದು. ಇಲ್ಲಿ ಲೆಕ್ಕಕ್ಕೆ ಬರುವುದು ಒತ್ತು ಬಿದ್ದ ಅಕ್ಷರದ ಮೊದಲ ಧ್ವನಿ ಮಾತ್ರ. ‘ಓಫ್ತೆಯಾಹ್’ ಶಬ್ದದಲ್ಲಿ ‘ಓಫ್’ ಉಪಸರ್ಗ, ಒತ್ತು ‘ತೆಯಾಹ್’ ಮೇಲೆ. ಸ್ವರಗಳಾದರೆ ಯಾವ ಸ್ವರಕ್ಕೆ ಯಾವ ಸ್ವರವಾದರೂ ಹೊಂದುತ್ತದೆ.

ಈಗ ಅರ್ಥಕ್ಕೆ ಬಾ. ಶೀಲ್ಡ್ ಶತ್ರುಗಳ ತಂಡಗಳಿಂದ, ಅನೇಕ ಕುಲಗಳಿಂದ, ಮಧುಪಾನದ ಪೀಠಗಳನ್ನು ಕಿತ್ತುಕೊಂಡ. ‘ಶತ್ರುಗಳ ತಂಡ’, ‘ಅನೇಕ ಕುಲ’ ಎರಡೂ ಒಬ್ಬರೇ. ಒಂದನ್ನೇ ಬೇರೆ ಹೆಸರಿನಿಂದ ಮತ್ತೆ ಹೇಳುವ ಈ ಪದ್ಧತಿ ಅಲಂಕಾರಕ್ಕಷ್ಟೇ ಬಂದದ್ದಲ್ಲ. ಪ್ರತಿ ಸಾಲಿಗೂ ಬೇರೆ ಧ್ವನಿ ಬೇಕಾದ್ದರಿಂದ ಕವಿಯ ಕೈಯಲ್ಲಿ ರಾಜ, ಯೋಧ, ಕತ್ತಿ, ಕಡಲು ಇವಕ್ಕೆಲ್ಲ ಹತ್ತಾರು ಹೆಸರು ಸಿದ್ಧವಾಗಿರಬೇಕಿತ್ತು. ಕಡಲಿಗೆ 10ನೆಯ ಸಾಲಿನಲ್ಲಿರುವ ‘ತಿಮಿಂಗಿಲದ ದಾರಿ’ ಎಂಬ ಹೆಸರು ಹುಟ್ಟಿದ್ದೂ ಇಂಥ ಅಗತ್ಯದಲ್ಲೇ. ಆ ದಾರಿಯಾಚೆಯ ನೆರೆಯವರೆಲ್ಲ ಅವನಿಗೆ ಕಪ್ಪ ಕೊಟ್ಟರು ಎನ್ನುವಲ್ಲಿ ಕಡಲು ರಾಜನ ಅಧಿಕಾರ ಹರಿಯುವ ಹಾದಿಯಾಗುತ್ತದೆ. ಸಮಸ್ತಪದಗಳ ಉದ್ದ ಪಟ್ಟಿಗಿಂತ ಒಂದನ್ನು ಹೀಗೆ ಬಿಡಿಸಿ ಬರೆ.

ಪೀಠ ಕಿತ್ತುಕೊಂಡದ್ದು ಅಷ್ಟು ದೊಡ್ಡ ಸಂಗತಿ ಏಕೆ? ಒಡೆಯ ಭವನದಲ್ಲಿ ಮಧು ಎರೆಯುತ್ತಾನೆ, ಬಳೆ, ಕತ್ತಿ, ಕವಚ ಹಂಚುತ್ತಾನೆ. ಕುಡಿದವನು, ಪಡೆದವನು ಯುದ್ಧದಲ್ಲಿ ಅವನ ಪಕ್ಕ ನಿಲ್ಲಬೇಕು. ಪೀಠ ಹೋಯಿತೆಂದರೆ ಆ ಕುಲದ ಸೈನ್ಯವೂ ಒಡೆತನವೂ ಹೋದಂತೆ. ನಮ್ಮ ವೀರಗಲ್ಲುಗಳ ಕಾಲದ ಜೋಳವಾಳಿ, ಅಂದರೆ ಒಡೆಯನ ಅನ್ನದ ಋಣ, ಗೊತ್ತಿರುವವಳಿಗೆ ಇದು ಥಟ್ಟನೆ ಅರ್ಥವಾಗಬೇಕು. ಅಪ್ಪ ಬದುಕಿರುವಾಗಲೇ ಯುವರಾಜ ಕೊಡುಗೈಯಾಗಿರಬೇಕು, ಆಗ ವಯಸ್ಸಾದ ಮೇಲೆ ಯುದ್ಧ ಬಂದರೆ ಸಂಗಾತಿಗಳು ನಿಲ್ಲುತ್ತಾರೆ ಎಂಬ ಮಾತು 20ರಿಂದ 25ನೆಯ ಸಾಲುಗಳಲ್ಲಿದೆ. ಅದಕ್ಕೆ ಕೆಂಪು ಗೆರೆ ಹಾಕು. ಕಾವ್ಯದ ಕೊನೆಯಲ್ಲಿ ಕಥಾನಾಯಕನಾದ ಮುದಿ ರಾಜ ಬಿಯೋವುಲ್ಫ್ ಮೇಲೆ ಡ್ರ್ಯಾಗನ್ ಬೆಂಕಿ ಕಾರುವಾಗ ಹತ್ತು ಮಂದಿ ಕಾಡಿಗೆ ಓಡುತ್ತಾರೆ, ಸಂಗಾತಿಗಳಲ್ಲಿ ವಿಗ್ಲಾಫ್ ಎಂಬವನೊಬ್ಬನೇ ನಿಲ್ಲುತ್ತಾನೆ. ಅವನು ಅವರಿಗೆ ನೆನಪಿಸುವುದು ಮಧು ಕುಡಿಯುತ್ತಾ ಒಡೆಯನಿಗೆ ಕೊಟ್ಟ ಮಾತನ್ನೇ (2633ನೆಯ ಸಾಲಿನಿಂದ ಓದು). ಕೊಟ್ಟವನಿಗೆ ಕೊನೆಗೆ ಸಿಕ್ಕಿದ್ದು ಒಬ್ಬನೇ ಎಂಬುದು ಈ ಕಾವ್ಯದ ಸಂಕಟ.

ಬಹಳ ಮಂದಿ ನಿಷ್ಠೆ, ಶೌರ್ಯ, ಕೀರ್ತಿ ಎಂದು ಹೊಗಳಿ ಉತ್ತರ ಮುಗಿಸುತ್ತಾರೆ. ಕವಿ ಅಲ್ಲಿಗೆ ನಿಲ್ಲಿಸಿಲ್ಲ. ರಾಜ ಹ್ರೆಥೆಲ್‌ನ ಒಬ್ಬ ಮಗನ ಬಾಣ ಗುರಿ ತಪ್ಪಿ ಇನ್ನೊಬ್ಬ ಮಗನನ್ನು ಕೊಲ್ಲುತ್ತದೆ. ಸೇಡು ತೀರಿಸಿಕೊಳ್ಳುವುದು ಯಾರ ಮೇಲೆ, ಪರಿಹಾರಧನ ಕೇಳುವುದು ಯಾರ ಹತ್ತಿರ? ತಂದೆ ಆ ದುಃಖದಲ್ಲೇ ಸಾಯುತ್ತಾನೆ. ಹಿಲ್ಡೆಬುರ್ ಎಂಬ ರಾಣಿಗೆ ತವರಿಗೂ ಗಂಡನ ಮನೆಗೂ ಹತ್ತಿದ ಜಗಳದಲ್ಲಿ ಮಗ, ಸೋದರ ಇಬ್ಬರನ್ನೂ ಒಂದೇ ಚಿತೆಯಲ್ಲಿಡಬೇಕಾಗುತ್ತದೆ. ವೀರಧರ್ಮಕ್ಕೆ ಉತ್ತರ ಗೊತ್ತಿಲ್ಲದ ಈ ಎರಡು ಪ್ರಸಂಗಗಳನ್ನು ಬಿಟ್ಟು ಬರೆದ ಉತ್ತರ ಅರ್ಧ ಉತ್ತರ.

ಕಡಿಮೆ ಹೇಳಿ ಹೆಚ್ಚು ಸೂಚಿಸುವ ತಂತ್ರಕ್ಕೂ ಪೀಠಿಕೆಯನ್ನು ಬಿಟ್ಟು ಹೊರಗೆ ಹೋಗಬೇಕಿಲ್ಲ. ಶೀಲ್ಡ್‌ನ ಶವದ ಹಡಗಿಗೆ ನಿಧಿ ತುಂಬಿದವರು, ಕೂಸಾಗಿದ್ದಾಗ ಅವನನ್ನು ಕಡಲಿಗೆ ಬಿಟ್ಟವರಿಗಿಂತ ‘ಕಡಿಮೆಯೇನೂ ಕೊಡಲಿಲ್ಲ’ ಎನ್ನುತ್ತಾನೆ ಕವಿ (43ನೆಯ ಸಾಲು). ಆ ಕೂಸು ಬಂದದ್ದು ಬರಿಗೈಯಲ್ಲಿ ಎಂಬುದನ್ನು 7ನೆಯ ಸಾಲಿನಲ್ಲೇ ಹೇಳಿಬಿಟ್ಟಿದ್ದಾನೆ.

ಕಾಲದ ವಿಷಯದಲ್ಲಿ ಹುಷಾರು. ಉಳಿದಿರುವುದು ಒಂದೇ ಹಸ್ತಪ್ರತಿ, ಸುಮಾರು ಕ್ರಿ.ಶ. 1000ದ್ದು, 1731ರ ಬೆಂಕಿಯಲ್ಲಿ ಅದರ ಅಂಚು ಸುಟ್ಟಿದೆ. ಕಾವ್ಯ ರಚನೆಯಾದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಒಂದು ಶತಮಾನವನ್ನು ಖಡಾಖಂಡಿತವಾಗಿ ಬರೆದುಬಿಡಬೇಡ.

4ರಿಂದ 11ನೆಯ ಸಾಲಿನವರೆಗೆ ಒತ್ತು ಗುರುತಿಸಿ, ಪ್ರತಿ ಸಾಲಿನ ಕೆಳಗೆ ಅದು ಒಡೆತನದ ಬಗ್ಗೆ ಏನು ಹೇಳುತ್ತದೆಂದು ಒಂದೊಂದು ವಾಕ್ಯ ಬರೆದು ಕಳಿಸು. ತಿದ್ದಿ ಕೊಡುತ್ತೇನೆ.

ಇಂತು,
ನಿನ್ನ ಸೋದರತ್ತೆ